ಕಾಲ್ ಹಾಕಿದಾಗ ಹಕ್ಕಿ ಯಾಕೆ ಬರುತ್ತದೆ?

"ಸಾರ್, ಒಂದೇ ಒಂದ್ಸಲ ಕಾಲ್ ಹಾಕಿಬಿಡಿ. ಬಂದ್ರೆ ಬಂತು, ಇಲ್ಲಾಂದ್ರೆ ಹೋಗೋಣ."

ಪ್ರತಿ ಏಪ್ರಿಲ್‌ನಲ್ಲಿ ಈ ಮಾತು ಕೇಳುತ್ತೇನೆ. ಇಲ್ಲಿ ಕಾಲ್ ಅಂದರೆ ಹಕ್ಕಿಯ ದನಿಯ ರೆಕಾರ್ಡಿಂಗ್. ಜಾಗ ಅರುಣಾಚಲ ಪ್ರದೇಶದ ವೆಸ್ಟ್ ಕಾಮೆಂಗ್ ಜಿಲ್ಲೆ, ಈಗಲ್‌ನೆಸ್ಟ್ ಕಾಡಿನ ಲಾಮಾ ಕ್ಯಾಂಪ್. ಹೊತ್ತು ಬೆಳಗ್ಗೆ ಐದು ಗಂಟೆ. ಅಲ್ಲಿ ಆಗಲೇ ಚೆನ್ನಾಗಿ ಬೆಳಕಾಗಿರುತ್ತದೆ. ಕೇಳುವವರು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ನನ್ನ ಜೊತೆ ಬಂದವರು. ಗುವಾಹಟಿವರೆಗೆ ವಿಮಾನ, ಅಲ್ಲಿಂದ ಬೆನ್ನು ಮುರಿಯುವಷ್ಟು ಜೀಪಿನ ದಾರಿ. ಭುಜದ ಮೇಲೆ ಭಾರದ ಲೆನ್ಸು. ತಲೆಯಲ್ಲಿ ಒಂದೇ ಹಕ್ಕಿ: ಬುಗುನ್ ಲಿಯೋಸಿಕ್ಲಾ.

ಆಸೆ ತಪ್ಪಲ್ಲ. ಆ ಹಕ್ಕಿ ಹಾಗಿದೆ. ಗಾತ್ರ ಹೆಚ್ಚೆಂದರೆ ಒಂದು ಗೇಣು. ಬೂದು ಬೆರೆತ ಹಸಿರು ಮೈ, ತಲೆಗೆ ಕಪ್ಪು ಟೋಪಿ, ಕಣ್ಣಿನ ಮುಂದೆ ಕಿತ್ತಳೆ ಹಳದಿಯ ಮಚ್ಚೆ. ರೆಕ್ಕೆಯಲ್ಲಿ ಹಳದಿ, ಕೆಂಪು, ಬಿಳಿ. ಬಾಲದ ತುದಿಗೆ ಕುಂಕುಮ ಹಚ್ಚಿದ ಹಾಗೆ ಕೆಂಪು. ದನಿಯೋ ಕೊಳಲು. ಮೇಲಿನಿಂದ ಮೆಲ್ಲಗೆ ಜಾರಿ ಇಳಿಯುವ ಸ್ವರ. ನಮ್ಮ ತೋಟಗಳಲ್ಲಿ ಗುಂಪು ಕಟ್ಟಿಕೊಂಡು ಗಲಾಟೆ ಮಾಡುವ ಹರಟೆಮಲ್ಲ ಇದೆಯಲ್ಲ, ಇದೂ ಅದೇ ಕುಟುಂಬದ್ದು. ಹೇಳಿದರೆ ಯಾರೂ ನಂಬುವುದಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಕಾಲ್ ಹಾಕುವುದೆಂದರೆ ಹಕ್ಕಿಯ ದನಿಯ ರೆಕಾರ್ಡಿಂಗನ್ನು ಮೊಬೈಲಿನಲ್ಲೋ ಸಣ್ಣ ಸ್ಪೀಕರಿನಲ್ಲೋ ಕೇಳಿಸಿ ಅದನ್ನು ಹತ್ತಿರ ಕರೆಸುವುದು. ಎಷ್ಟೋ ಸಲ ಅದು ಬರುತ್ತದೆ. ತೀರಾ ಹತ್ತಿರ ಬಂದು, ಕೊಂಬೆಯಿಂದ ಕೊಂಬೆಗೆ ಹಾರಿ, ಎದೆಯುಬ್ಬಿಸಿ ಹಾಡುತ್ತದೆ. ನಮ್ಮವರು ಉಸಿರು ಬಿಗಿಹಿಡಿದು ಬಟನ್ ಒತ್ತುತ್ತಾರೆ. ಆಮೇಲೆ ಹೇಳುತ್ತಾರೆ, "ನೋಡಿ ಸಾರ್, ಎಷ್ಟು ಖುಷಿಯಾಗಿ ಹಾಡ್ತಿದೆ! ಫ್ರೆಂಡ್ ಬಂದ ಅಂದ್ಕೊಂಡಿದೆ ಪಾಪ."

ಇಲ್ಲ. ಫ್ರೆಂಡ್ ಬಂದ ಅಂದುಕೊಂಡಿಲ್ಲ. ಜಗಳಕ್ಕೆ ಬಂದಿದೆ.

ವರ್ಷಾನುಗಟ್ಟಲೆ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಮಾತು ಇದೊಂದೇ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಗೂಡು ಕಟ್ಟುವ ಕಾಲದಲ್ಲಿ ಗಂಡು ಹಕ್ಕಿಯ ಹಾಡಿಗೆ ಎರಡು ಕೆಲಸ. ಒಂದು, ಹೆಣ್ಣನ್ನು ಒಲಿಸಿಕೊಳ್ಳುವುದು. ಇನ್ನೊಂದು, "ಈ ಪೊದೆ, ಈ ಇಳಿಜಾರು ನನ್ನದು, ಒಳಗೆ ಬರಬೇಡ" ಎಂದು ಬೇರೆ ಗಂಡುಗಳಿಗೆ ಹೇಳುವುದು. ನಿಮ್ಮ ಸ್ಪೀಕರಿನಿಂದ ಬಂದ ದನಿ ಆ ಹಕ್ಕಿಗೆ ಸಂಗೀತವಲ್ಲ. ತನ್ನ ಜಾಗದೊಳಗೆ ನಿಂತು ಇನ್ನೊಂದು ಗಂಡು "ಇದು ನನ್ನದು" ಎನ್ನುತ್ತಿದೆ ಎಂದೇ ಅದಕ್ಕೆ ಕೇಳಿಸುತ್ತದೆ.

ರೈತರ ಮನೆಯಿಂದ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಳಗ್ಗೆ ಎದ್ದು ನೋಡುತ್ತೀರಿ, ನಿಮ್ಮ ಗದ್ದೆಯ ಬದುವಿನ ಮೇಲೆ ಯಾರೋ ನಿಂತು ಅಳತೆ ಹಗ್ಗ ಎಳೆಯುತ್ತಿದ್ದಾನೆ. ತಿಂಡಿ ಬಿಟ್ಟು ಓಡುತ್ತೀರೋ ಇಲ್ಲವೋ? ಹೋಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ದನಿ ಮಾತ್ರ ಕೇಳುತ್ತಿದೆ. ಕೂಗುತ್ತೀರಿ, ಅತ್ತಿತ್ತ ಹುಡುಕುತ್ತೀರಿ. ಅವನು ಸಿಗುವುದೇ ಇಲ್ಲ. ಮನೆಗೆ ಬಂದರೆ ಆ ದಿನ ನಿಮಗೆ ಬೇರೆ ಕೆಲಸ ಮಾಡಲು ಮನಸ್ಸಾಗುತ್ತದೆಯೇ? ಹಕ್ಕಿಗೂ ಹಾಗೇ. ನಾವು ಫೋಟೋ ಸಿಕ್ಕ ಖುಷಿಯಲ್ಲಿ ಟೀ ಕುಡಿಯಲು ಹೋಗುತ್ತೇವೆ. ಅದು ಅಲ್ಲೇ ಉಳಿದು, ಇಲ್ಲದ ಶತ್ರುವನ್ನು ಹುಡುಕುತ್ತಲೇ ಇರುತ್ತದೆ. ಅಷ್ಟು ಹೊತ್ತು ಹುಳ ಹಿಡಿಯುವುದಿಲ್ಲ. ಗೂಡಿನ ಕಡೆ ಗಮನವಿಲ್ಲ. ಪೊದೆಯೊಳಗೆ ಅಡಗಿ ಬದುಕುವ ಪ್ರಾಣಿ ಬಯಲು ಕೊಂಬೆಯ ಮೇಲೆ ಕೂತು ಕೂಗುತ್ತಿದ್ದರೆ ಗಿಡುಗನ ಕಣ್ಣಿಗೂ ಬೀಳುತ್ತದೆ, ಅಲ್ವಾ?

ಕೆನಡಾದ ಚಿಕಡೀ ಎಂಬ ಪುಟ್ಟ ಹಕ್ಕಿಯ ಮೇಲೆ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಗುಂಪಿನಲ್ಲಿ ಮೇಲುಗೈ ಇರುವ ಗಂಡುಗಳಿಗೆ ಸ್ಪೀಕರ್ ಮೂಲಕ ಜೋರಾಗಿ ಸವಾಲು ಹಾಕಿದರು. ಹಾಡಿನ ಜಗಳದಲ್ಲಿ ಅವು ಸೋತ ಹಾಗೆ ಮಾಡಿದರು. ಆಮೇಲೆ ಅವುಗಳ ಗೂಡಿನ ಮರಿಗಳನ್ನು ಪರೀಕ್ಷಿಸಿದಾಗ, ಬೇರೆ ಗಂಡಿಗೆ ಹುಟ್ಟಿದ ಮರಿಗಳು ಜಾಸ್ತಿ ಇದ್ದವು. ಅಂದರೆ ಹೆಣ್ಣು ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ನಮಗೆ ಐದು ನಿಮಿಷದ ಕೆಲಸ, ಅದಕ್ಕೆ ಸಂಸಾರದ ಪ್ರಶ್ನೆ.

ಒಂದು ಮಾತು ಎಚ್ಚರಿಕೆಯಿಂದ ಹೇಳಬೇಕು. ಒಮ್ಮೆ ಕಾಲ್ ಹಾಕಿದರೆ ಹಕ್ಕಿ ಸತ್ತೇಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎಲ್ಲ ಜಾತಿಗೂ ಒಂದೇ ರೀತಿ ತೊಂದರೆ ಆಗುತ್ತದೆ ಎಂದೂ ಅಲ್ಲ. ಅನುಮತಿ ಪಡೆದ ಸಂಶೋಧಕರು ಹಕ್ಕಿ ಎಣಿಸಲು ಅಳತೆಯಲ್ಲಿ ಕಾಲ್ ಬಳಸುವುದುಂಟು. ದೊಡ್ಡ ಕಾಡಿನಲ್ಲಿ ಹೇರಳವಾಗಿರುವ ಹಕ್ಕಿಗೆ ಒಮ್ಮೆ ಕೇಳಿಸಿದರೆ ಅದು ತಡೆದುಕೊಳ್ಳಬಹುದು. ಆದರೆ ನಾವು ಮಾತಾಡುತ್ತಿರುವುದು ಬುಗುನ್ ಲಿಯೋಸಿಕ್ಲಾ ಬಗ್ಗೆ. 2006ರ ಮೊದಲ ವರದಿಯ ಹೊತ್ತಿಗೆ ಕಂಡದ್ದು 14 ಹಕ್ಕಿಗಳು, ಅಷ್ಟೇ. ಅಳಿವಿನ ತೀರಾ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ ಅದು ಈಗಲೂ ಇದೆ. ಎಲ್ಲ ಗುಂಪುಗಳೂ ಹೋಗುವುದು ಅದೇ ರಸ್ತೆಗೆ, ಅದೇ ತಿರುವಿಗೆ, ಅದೇ ಜೋಡಿಯ ಮುಂದೆ.

ನಿಮ್ಮ "ಒಂದೇ ಒಂದ್ಸಲ"ದ ಲೆಕ್ಕ ತಪ್ಪುವುದು ಇಲ್ಲೇ. ಒಂದು ಸಲ ಅನ್ನುವುದು ನಿಮಗೆ. ದಿನಕ್ಕೆ ಮೂರು ಗುಂಪು ಬಂದು, ಪ್ರತಿ ಗುಂಪೂ ಒಂದೇ ಒಂದು ಸಲ ಹಾಕಿತು ಅಂದುಕೊಳ್ಳಿ. ಇಪ್ಪತ್ತು ದಿನಕ್ಕೆ ಆ ಹಕ್ಕಿ ಅರವತ್ತು ಸಲ ಜಗಳಕ್ಕೆ ಓಡಬೇಕು. ಅದೂ ಏಪ್ರಿಲ್, ಮೇ ತಿಂಗಳಲ್ಲಿ, ಸಂಸಾರದ ಕೆಲಸ ತಲೆ ಮೇಲಿರುವಾಗ.

ಈ ಹಕ್ಕಿ ಸಿಕ್ಕ ಕಥೆ ಗೊತ್ತಿದ್ದವರು ಹೀಗೆ ಅವಸರ ಮಾಡುವುದಿಲ್ಲ ಎಂದು ನನಗೆ ಅನಿಸುತ್ತದೆ. ರಮಣ ಆತ್ರೇಯ ಎಂಬ ಖಗೋಳ ವಿಜ್ಞಾನಿ 1995ರ ಜನವರಿಯಲ್ಲಿ ಈ ಕಾಡಿನಲ್ಲಿ ಗುರುತು ಸಿಗದ ಎರಡು ಹಕ್ಕಿ ಕಂಡರು. ಯಾವ ಪುಸ್ತಕದಲ್ಲೂ ಅವು ಇರಲಿಲ್ಲ. ಮತ್ತೆ ಅವರಿಗೆ ಅವು ಕಂಡದ್ದು 2005ರಲ್ಲಿ. ಹತ್ತು ವರ್ಷ! 2006ರ ಮೇ ತಿಂಗಳಲ್ಲಿ ಬಲೆಯಲ್ಲಿ ಹಿಡಿದು ನೋಡಿದರು. ಹೊಸ ಜಾತಿಯನ್ನು ಸಾರುವಾಗ ಒಂದು ಹಕ್ಕಿಯನ್ನು ಕೊಂದು ಸಂಗ್ರಹಾಲಯದಲ್ಲಿ ಇಡುವುದು ಹಳೆಯ ಪದ್ಧತಿ. ಇರುವುದೇ ಇಷ್ಟು, ಒಂದನ್ನೂ ಕಳೆದುಕೊಳ್ಳಬಾರದು ಎಂದು ಅವರು ಹಿಡಿದ ಹಕ್ಕಿಯನ್ನು ಹಾರಲು ಬಿಟ್ಟರು. ಗರಿ, ಫೋಟೋ, ಟಿಪ್ಪಣಿ, ದನಿಯ ಮುದ್ರಣ ಇಷ್ಟನ್ನೇ ಆಧಾರ ಮಾಡಿಕೊಂಡರು. ಸ್ವಾತಂತ್ರ್ಯದ ನಂತರ ಭಾರತದಲ್ಲಿ ಹೊಸದಾಗಿ ಪತ್ತೆಯಾದ ಬೆರಳೆಣಿಕೆಯ ಹಕ್ಕಿಗಳಲ್ಲಿ ಇದೂ ಒಂದು. ಹಕ್ಕಿಗೆ ಅಲ್ಲಿನ ಬುಗುನ್ ಜನರ ಹೆಸರನ್ನೇ ಇಟ್ಟರು.

ಆ ಜನ ಹೆಸರು ಉಳಿಸಿಕೊಂಡರು. ಸಿಂಗ್‌ಚುಂಗ್ ಊರಿನವರು ತಮ್ಮದೇ ಕಾಡಿನಲ್ಲಿ 17 ಚದರ ಕಿಲೋಮೀಟರ್ ಜಾಗವನ್ನು ಈ ಹಕ್ಕಿಗಾಗಿ ಬಿಟ್ಟುಕೊಟ್ಟರು. 2017ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಎಂದು ಘೋಷಣೆಯಾಯಿತು. ಊರಿನ ಹುಡುಗರೇ ಗಸ್ತು ತಿರುಗುತ್ತಾರೆ. ಒಮ್ಮೆ ನನ್ನ ಗುಂಪಿನ ಒಬ್ಬರು, ನಾನು ಬೇಡವೆಂದರೂ, ಜೇಬಿನಲ್ಲಿದ್ದ ಸ್ಪೀಕರ್ ಮೆಲ್ಲಗೆ ಆನ್ ಮಾಡಿದರು. ಜೊತೆಗಿದ್ದ ಬುಗುನ್ ಹುಡುಗ ಜಗಳವಾಡಲಿಲ್ಲ. ಅವರ ಹತ್ತಿರ ಹೋಗಿ ಹಿಂದಿಯಲ್ಲಿ ಮೆಲ್ಲಗೆ ಹೇಳಿದ, "ಇದು ನಮ್ಮ ಊರಿನ ಹಕ್ಕಿ, ಅಣ್ಣ. ತೊಂದರೆ ಕೊಡಬೇಡಿ." ಅವರ ಮುಖ ಸಣ್ಣದಾಯಿತು. ಸ್ಪೀಕರನ್ನು ಬ್ಯಾಗಿಗೆ ಹಾಕಿದವರು ಮತ್ತೆ ತೆಗೆಯಲಿಲ್ಲ. ನನ್ನ ಉದ್ದುದ್ದ ಪಾಠಕ್ಕಿಂತ ಆ ಎರಡು ಮಾತು ಕೆಲಸ ಮಾಡಿತು. ಒಳ್ಳೆಯ ಮನುಷ್ಯ ಅವರು. ಈಗಲೂ ಫೋನ್ ಮಾಡುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ಶ್ರೀನಿವಾಸನ್ ಮತ್ತು ಅವರ ಜೊತೆಯವರು ಈಗಲ್‌ನೆಸ್ಟ್‌ನಲ್ಲಿ ಎಷ್ಟೋ ವರ್ಷಗಳಿಂದ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಲೆಕ್ಕ ಇಡುತ್ತಿದ್ದಾರೆ. ಮರ ಕಡಿದ ಕಾಡು, ಏರುವ ಬಿಸಿಲು, ಇವೆರಡರ ನಡುವೆ ಬೆಟ್ಟದ ಹಕ್ಕಿಗಳ ಬದುಕು ಕಷ್ಟವಾಗುತ್ತಿದೆ ಎಂಬುದನ್ನು ಅವರ ಕೆಲಸ ತೋರಿಸುತ್ತದೆ. ಅದರ ಮೇಲೆ ನಮ್ಮ ಸ್ಪೀಕರ್ ಬೇರೆ ಬೇಕೇ?

ನಮ್ಮ ಕಡೆಯೂ ಇದೇ ಚಾಳಿ ಇದೆ. ಮಳೆಗಾಲದ ಮೊದಲು ನವರಂಗ ಹಕ್ಕಿ ಕೂಗಲು ಶುರುಮಾಡಿದರೆ ಸಾಕು, ಉತ್ತರ ಕನ್ನಡದ ಗಣೇಶಗುಡಿಯ ಸುತ್ತಮುತ್ತ ಮೊಬೈಲುಗಳೂ ಕೂಗಲು ಶುರು. ಕಾನೂನಿನ ವಿಷಯ ವಕೀಲರನ್ನು ಕೇಳಿ. ನನಗೆ ತಿಳಿದಂತೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ.

"ಹಾಗಾದರೆ ನೋಡುವುದು ಹೇಗೆ?" ಎಂದು ಕೇಳುತ್ತೀರಿ. ನಿಂತು ನೋಡಬೇಕು. ಲಿಯೋಸಿಕ್ಲಾ ದಟ್ಟ ಕಾಡಿನ ನಡುವೆ ಇರುವುದಲ್ಲ. ಸುಮಾರು 2,000 ಮೀಟರ್ ಎತ್ತರದಲ್ಲಿ, ಕುರುಚಲು ಪೊದೆ, ಸಣ್ಣ ಮರ ತುಂಬಿದ ಇಳಿಜಾರುಗಳಲ್ಲಿ ಓಡಾಡುತ್ತದೆ. ಎಷ್ಟೋ ಸಲ ಬೇರೆ ಹಕ್ಕಿಗಳ ಗುಂಪಿನ ಜೊತೆ ಬರುತ್ತದೆ. ಆದ್ದರಿಂದ ಒಂದು ತಿರುವು ಆರಿಸಿಕೊಂಡು ಅಲ್ಲೇ ಇರಿ. ಪೊದೆಯಲ್ಲಿ ಹತ್ತಾರು ಸಣ್ಣ ಹಕ್ಕಿಗಳ ಸದ್ದು ಹತ್ತಿರವಾದರೆ ಕ್ಯಾಮೆರಾ ಇಳಿಸಿ, ಮೊದಲು ಬರಿಗಣ್ಣಿನಲ್ಲಿ ನೋಡಿ. ಸಿಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಬರಿಗೈಯಲ್ಲಿ ಮರಳಿದವರೂ ಇದ್ದಾರೆ.

ಎರಡು ವರ್ಷದ ಹಿಂದೆ ಸಾಗರದ ಕಡೆಯ ಒಬ್ಬ ನಿವೃತ್ತ ಟೀಚರ್ ಬಂದಿದ್ದರು. ಎಪ್ಪತ್ತರ ಹತ್ತಿರ ವಯಸ್ಸು. ಕ್ಯಾಮೆರಾ ಇಲ್ಲ, ಹಳೆಯ ಬೈನಾಕ್ಯುಲರ್ ಒಂದೇ. ಮಂಡಿ ನೋವು, ಅದಕ್ಕೆ ಮಡಚುವ ಸ್ಟೂಲ್ ತಂದಿದ್ದರು. ಮೂರು ಬೆಳಗ್ಗೆ ಅದೇ ತಿರುವಿನಲ್ಲಿ ಕೂತರು. ಮೊದಲ ದಿನ ಮಂಜು, ಏನೂ ಕಾಣಲಿಲ್ಲ. ಎರಡನೇ ದಿನ ದನಿ ಮಾತ್ರ ಕೇಳಿತು. ಉಳಿದವರೆಲ್ಲ ಕೆಳಗಿನ ಬೊಂಪು ಕ್ಯಾಂಪಿನ ಕಡೆ ಹೋಗೋಣ ಎಂದು ಚಡಪಡಿಸುತ್ತಿದ್ದರು. ಮೂರನೇ ದಿನ ಏಳು ಗಂಟೆ ಸುಮಾರಿಗೆ ಗುಂಪೊಂದು ಇಳಿಜಾರಿನಲ್ಲಿ ಮೇಲೇರಿ ಬಂತು. ಅದರ ನಡುವೆ ಎರಡು ಲಿಯೋಸಿಕ್ಲಾ, ಜೋಡಿ. ಎಲೆ ಮಗುಚಿ ಹುಳ ಹುಡುಕುತ್ತಾ, ಒಂದಕ್ಕೊಂದು ಮೆಲುವಾಗಿ ಕೂಗಿಕೊಳ್ಳುತ್ತಾ ಬಂದವು. ನಮ್ಮನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಒಂದು ಹಣ್ಣು ಕಿತ್ತು ತಿಂದಿತು, ಇನ್ನೊಂದು ಗರಿ ಬಿಡಿಸಿಕೊಂಡಿತು. ನಾಲ್ಕೈದು ನಿಮಿಷ ಇದ್ದು ಪೊದೆಯೊಳಗೆ ಮರೆಯಾದವು.

ಕಾಲ್ ಹಾಕಿ ಕರೆಸಿದ ಹಕ್ಕಿ ಹೀಗೆ ಇರುವುದನ್ನು ನಾನು ಒಮ್ಮೆಯೂ ಕಂಡಿಲ್ಲ.

ಟೀಚರ್ ಬೈನಾಕ್ಯುಲರ್ ಇಳಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ತಮ್ಮಾ, ಅದರ ಜೊತೆಗಿದ್ದದ್ದು ಹೆಂಡತಿಯಾ?" ಎಂದು ಕೇಳಿದರು. ಇರಬೇಕು ಟೀಚರ್, ಅಂದೆ. "ಹಾಗಾದರೆ ಹತ್ತಿರದಲ್ಲೇ ಎಲ್ಲೋ ಗೂಡು ಕಟ್ಟುತ್ತವೆ. ಏಳಿ, ಹೋಗೋಣ" ಎಂದು ಸ್ಟೂಲ್ ಮಡಚಿದರು.