ಧಾರೆ ಎರೆದರೆ ಮದುವೆ ಮುಗಿಯಿತೇ? ಕನ್ಯಾದಾನದ ಟಿಪ್ಪಣಿ

ಕ್ರಮ ಎಲ್ಲರೂ ನೋಡಿರುವುದೇ. ತಂದೆ ಮಗಳ ಕೈಯನ್ನು ವರನ ಕೈಗೆ ಸೇರಿಸುತ್ತಾನೆ, ತಾಯಿ ನೀರು ಬಿಡುತ್ತಾಳೆ. ಪುರೋಹಿತರು ಗೋತ್ರ, ಪ್ರವರದ ಜೊತೆ ಮೂರು ತಲೆಮಾರು ಹೇಳಿಸುತ್ತಾರೆ: ಪ್ರಪೌತ್ರೀಂ, ಪೌತ್ರೀಂ, ಪುತ್ರೀಂ (ಇಂಥವರ ಮರಿಮಗಳು, ಮೊಮ್ಮಗಳು, ಮಗಳು). "ಧರ್ಮೇ ಚ ಅರ್ಥೇ ಚ ಕಾಮೇ ಚ" ಮೀರಿ ನಡೆಯಬಾರದು ಎಂಬ ಮಾತಿಗೆ ವರ "ನಾತಿಚರಾಮಿ" ಎನ್ನುತ್ತಾನೆ.

ಧರ್ಮಶಾಸ್ತ್ರ ಹೇಳುವ ಎಂಟು ಬಗೆಯ ವಿವಾಹಗಳನ್ನು ನಾನು ನೆನಪಿಟ್ಟುಕೊಳ್ಳುವುದು 4+1+3 ಅಂತ. ಬ್ರಾಹ್ಮ, ದೈವ, ಆರ್ಷ, ಪ್ರಾಜಾಪತ್ಯದಲ್ಲಿ ಬೆಲೆಯಿಲ್ಲದೆ ಕೊಡುವುದು, ಆಸುರದಲ್ಲಿ ಹಣ, ಗಾಂಧರ್ವ, ರಾಕ್ಷಸ, ಪೈಶಾಚದಲ್ಲಿ ಕೊಡುವವರೇ ಇಲ್ಲ. (ಆರ್ಷದಲ್ಲಿ ವರನ ಕಡೆಯಿಂದ ಬರುವ ಹಸು-ಹೋರಿ ಬೆಲೆಯಲ್ಲ ಅಂತ ಮನು ಪಟ್ಟು ಹಿಡಿಯುತ್ತಾನೆ.)

ನಾನು ಎರಡು ದಿನ ಒದ್ದಾಡಿದ್ದು "ದಾನ" ಎಂಬ ಒಂದೇ ಪದದ ಮೇಲೆ. ಗೋದಾನ ತಗೊಳ್ಳಿ. "ನ ಮಮ" (ನನ್ನದಲ್ಲ) ಎಂದು ನೀರು ಬಿಟ್ಟರೆ ಹಸು ಇನ್ನು ನಮ್ಮದಲ್ಲ. ಕೊಟ್ಟವನ ಸ್ವತ್ವ, ಅಂದರೆ ಒಡೆತನ, ಹೋಗಬೇಕು, ಪಡೆದವನ ಸ್ವತ್ವ ಹುಟ್ಟಬೇಕು; ಎರಡೂ ಆದರೇ ದಾನ. ಆದರೆ ಧಾರೆ ಎರೆದ ಮೇಲೂ ಮಗಳು ಮಗಳೇ, ಗೌರಿ ಹಬ್ಬಕ್ಕೆ ತವರಿನ ಬಾಗಿನ ಹೋಗುತ್ತದೆ. ಹಾಗಾದರೆ ಹೋದದ್ದೇನು?

ಮೊದಲ ಪ್ರಶ್ನೆ, ತಂದೆಗೆ ಮಗಳ ಮೇಲೆ ಸ್ವತ್ವ ಇತ್ತೇ? ವಿಶ್ವಜಿತ್ ಯಾಗದಲ್ಲಿ ತನ್ನದೆಲ್ಲವನ್ನೂ ಕೊಡಬೇಕು. ಆಗ ತಂದೆತಾಯಿಯನ್ನೂ ಕೊಡಬೇಕೇ ಎಂದು ವೇದವಿಧಿಗಳ ಅರ್ಥ ಚರ್ಚಿಸುವ ಮೀಮಾಂಸಕರು ಕೇಳಿಕೊಂಡು, ಯಾವುದರ ಮೇಲೆ ಒಡೆತನವಿದೆಯೋ ಅದನ್ನು ಮಾತ್ರ ಎಂದು ಉತ್ತರಿಸುತ್ತಾರೆ. ಧರ್ಮಸೂತ್ರಕಾರ ಆಪಸ್ತಂಬ ಇನ್ನೂ ನೇರ: ಮಕ್ಕಳ ದಾನವೂ ಇಲ್ಲ, ಕ್ರಯವೂ ಇಲ್ಲ. ಬ್ರಾಹ್ಮ ವಿವಾಹ ಹೇಳುವಾಗಲೂ ಅವನ ಕ್ರಿಯಾಪದ "ಪ್ರತಿಪಾದಯೇತ್", ಅಂದರೆ ಒಪ್ಪಿಸಬೇಕು. ಇದು ಸಿಕ್ಕ ಮೇಲೆ ನನಗೆ ಗಂಟು ಸಡಿಲಾಯಿತು. ಇಲ್ಲಿ ದಾನ ಗೌಣಾರ್ಥದ್ದು, ನೇರ ಅರ್ಥದ್ದಲ್ಲ.

ಪೂರ್ತಿ ಬಿಚ್ಚಲಿಲ್ಲ, ಯಾಕೆಂದರೆ ಮನು 5.152ರಲ್ಲಿ "ಪ್ರದಾನಂ ಸ್ವಾಮ್ಯಕಾರಣಂ" ಎಂದುಬಿಟ್ಟಿದ್ದಾನೆ, ಕೊಡುವುದರಿಂದಲೇ ಗಂಡನಿಗೆ ಸ್ವಾಮ್ಯ. ಅದೇ ಮನು 8.227ರಲ್ಲಿ ಪತ್ನಿತ್ವ ನೆಲೆಗೊಳ್ಳುವುದು ಸಪ್ತಪದಿಯ ಏಳನೇ ಹೆಜ್ಜೆಯಲ್ಲಿ ಎನ್ನುತ್ತಾನೆ. ನಾನು ಹೀಗೆ ಬೇರ್ಪಡಿಸಿಕೊಂಡೆ: ಧಾರೆಯಿಂದ ಹೊಣೆ ಮತ್ತು ಅಧಿಕಾರ ಕೈ ಬದಲಾಗುತ್ತದೆ, ಹೆಂಡತಿಯಾಗುವುದು ಸಪ್ತಪದಿಯಿಂದ. ಮೊದಲನೆಯದಕ್ಕೆ ಕರ್ತೃ ತಂದೆ, ಎರಡನೆಯದಕ್ಕೆ ನಡೆಯುವ ಇಬ್ಬರು. ಮೊದಲನೆಯದು ನನಗೆ ರುಚಿಸುವುದಿಲ್ಲ, ಆದರೆ ಪಠ್ಯದಲ್ಲಿ ಇರುವುದು ಅದೇ.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಹಿಡಿದಿರುವುದು ಎರಡನೆಯದನ್ನು. ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳು ಸಾಕು. ಅವುಗಳಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ಕನ್ಯಾದಾನದ ಹೆಸರೇ ಅಲ್ಲಿಲ್ಲ. ಕನ್ಯಾದಾನ ಆಗಿತ್ತೇ ಎಂದು ಸಾಕ್ಷಿಗಳನ್ನು ಮತ್ತೆ ಕರೆಸಲು ಕೇಳಿದ ಪ್ರಕರಣದಲ್ಲಿ, ಮದುವೆಗೆ ಅದು ಅತ್ಯಗತ್ಯವಲ್ಲ ಎಂದು 2024ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತು.

ಕೊಡುವವರು ಯಾರು? ಸ್ಮೃತಿಕಾರ ಯಾಜ್ಞವಲ್ಕ್ಯನ ಪಟ್ಟಿ: ತಂದೆ, ಅಜ್ಜ, ಅಣ್ಣತಮ್ಮ, ಕುಲದವರು, ಕೊನೆಗೆ ತಾಯಿ. ಧಾರೆಯ ನೀರು ಬಿಡುವವಳೇ ಸಾಲಿನ ತುದಿಯಲ್ಲಿ! ಇವರ್ಯಾರೂ ಇಲ್ಲದಿದ್ದರೆ ಕನ್ಯೆ ತಾನೇ ತಕ್ಕವನನ್ನು ವರಿಸಲಿ ಎನ್ನುತ್ತದೆ ಮುಂದಿನ ಶ್ಲೋಕ.