ಬಾಡಿಗೆ ಕಿರೀಟಕ್ಕೆ ವಯಸ್ಸು ಸಾಲದು, ತಲೆಯ ಅಳತೆ ತನ್ನಿ

ಆಗಸ್ಟ್ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಬರುವ ಮಾತು ಮಾತ್ರ ಒಂದೇ. "ಅಣ್ಣ, ಯುಕೆಜಿ ಹುಡುಗನಿಗೆ ಕೃಷ್ಣನ ಡ್ರೆಸ್ ಇದೆಯಾ?" ಇದೆ ಅನ್ನುತ್ತೇನೆ. ಅಳತೆ ಎಷ್ಟು ಅನ್ನುತ್ತೇನೆ. "ಐದು ವರ್ಷ ಅಣ್ಣ. ಸ್ವಲ್ಪ ದೊಡ್ಡದೇ ಕೊಟ್ಟುಬಿಡಿ."

ಸ್ವಲ್ಪ ದೊಡ್ಡದು ಯಾಕೆ? ಯೂನಿಫಾರಂ ಹೊಲಿಸುವಾಗ ಸರಿ. ಮಗು ಬೆಳೆಯುತ್ತೆ, ಮಡಿಕೆ ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತೆ. ನಾವೆಲ್ಲ ಅಂಥ ಉದ್ದುದ್ದ ಚಡ್ಡಿಯಲ್ಲೇ ಸ್ಕೂಲು ಮುಗಿಸಿದವರು. ಆದರೆ ನನ್ನದು ಬಾಡಿಗೆ ಡ್ರೆಸ್. ಬೆಳಗ್ಗೆ ಎಂಟಕ್ಕೆ ಹಾಕಿ ಮಧ್ಯಾಹ್ನ ಊಟಕ್ಕೆ ಮುಂಚೆ ಬಿಚ್ಚುವಂಥದ್ದು. ಅಷ್ಟರೊಳಗೆ ಯಾವ ಮಗು ಎಷ್ಟು ಬೆಳೆದೀತು ಹೇಳಿ.

ತುಮಕೂರಲ್ಲಿ ಡ್ರಾಮಾ ಡ್ರೆಸ್ ಬಾಡಿಗೆ ಕೊಡೋದು ನಮ್ಮಪ್ಪನ ಕಾಲದ ಕಸುಬು. ಬೇಸಿಗೆಯಲ್ಲಿ ಹಳ್ಳಿಹಳ್ಳಿಗೆ ಪೌರಾಣಿಕ ನಾಟಕ, ರಾತ್ರಿಯಿಡೀ ದುರ್ಯೋಧನ, ಭೀಮ. ಟ್ರಂಕು ಹೊತ್ತುಕೊಂಡು ಹೋಗಿ, ಬಣ್ಣ ಹಚ್ಚಿ, ಬೆಳಗಿನ ಜಾವ ಎಲ್ಲ ಲೆಕ್ಕ ಮಾಡಿ ವಾಪಸ್ ತರಬೇಕು. ಆ ಕೆಲಸ ಈಗಲೂ ಇದೆ. ಆದರೆ ಅಂಗಡಿ ಬಾಡಿಗೆ ಕಟ್ಟುತ್ತಿರುವವರು ಸ್ಕೂಲು ಮಕ್ಕಳು. ಕೃಷ್ಣಾಷ್ಟಮಿ, ಆಗಸ್ಟ್ 15, ನವೆಂಬರ್ 1ರ ರಾಜ್ಯೋತ್ಸವ, ನವೆಂಬರ್ 14ರ ಮಕ್ಕಳ ದಿನಾಚರಣೆ, ಆಮೇಲೆ ಸ್ಕೂಲ್ ಡೇ. ನಡುವೆ ತರಕಾರಿ ದಿನ, ಹಣ್ಣಿನ ದಿನ ಅಂತ ಬೇರೆ ಬರುತ್ತೆ. ಅದಕ್ಕೆಲ್ಲ ನನ್ನ ಹತ್ತಿರ ಬರಬೇಡಿ. ರಟ್ಟಿನ ಮೇಲೆ ಬದನೆಕಾಯಿ ಬರೆದು ಎದೆಗೆ ಕಟ್ಟಿದರೆ ಸಾಕು.

ವಿಷಯಕ್ಕೆ ಬರ್ತೀನಿ. ಅಂಗಿ, ಪಂಚೆ ದೊಡ್ಡದಾದರೆ ಪಿನ್ ಹಾಕಬಹುದು. ಕಿರೀಟ ದೊಡ್ಡದಾದರೆ ಏನೂ ಮಾಡಕ್ಕಾಗಲ್ಲ. ಕಿರೀಟದ ಭಾರವೆಲ್ಲ ಮುಂದುಗಡೆ ಇರುತ್ತೆ. ಮಣಿ, ಕಲ್ಲು, ಜರಿ, ನವಿಲುಗರಿ ಎಲ್ಲ ಅಲ್ಲೇ ತಾನೇ. ಸುತ್ತಳತೆ ಎರಡಿಂಚು ಜಾಸ್ತಿ ಆಯಿತು ಅಂದರೆ ಅದು ಮೆಲ್ಲಗೆ ಹುಬ್ಬಿಗೆ ಇಳಿಯುತ್ತೆ, ಆಮೇಲೆ ಕಣ್ಣಿಗೆ. ಮಗು ಗದ್ದ ಮೇಲೆತ್ತಿ ಕಿರೀಟದ ಕೆಳಗಿನಿಂದ ನೋಡೋಕೆ ಶುರು ಮಾಡುತ್ತೆ. ಒಂದು ಕೈ ಕಿರೀಟ ಹಿಡಿದುಕೊಳ್ಳಕ್ಕೆ ಹೋಗುತ್ತೆ. ಕೊಳಲು ಹಿಡಿಯೋಕೆ ಉಳಿಯೋದು ಇನ್ನೊಂದೇ ಕೈ. ಸ್ಟೇಜ್ ಕೆಳಗಿನಿಂದ ಅಮ್ಮ "ಎರಡು ಕೈಲಿ ಹಿಡ್ಕೊಳ್ಳೋ" ಅಂತ ಸನ್ನೆ ಮಾಡ್ತಿರ್ತಾರೆ. ಪಾಪ, ಅವನಿಗೆ ಅಮ್ಮನೇ ಕಾಣ್ತಿಲ್ಲ.

ಇದಕ್ಕೆ ಮನೆಯವರು ಮಾಡುವ ಉಪಾಯ ಇನ್ನೂ ಕೆಟ್ಟದ್ದು. ಒಳಗೆ ಕರ್ಚೀಫ್ ತುರುಕುತ್ತಾರೆ, ಆಮೇಲೆ ಗದ್ದದ ಕೆಳಗೆ ಲಾಡಿ ಎಳೆದು ಬಿಗಿಯಾಗಿ ಕಟ್ಟುತ್ತಾರೆ. ಸ್ಕೂಲಿನ ಕಾರ್ಯಕ್ರಮ ಹತ್ತಕ್ಕೆ ಅಂದರೆ ಶುರುವಾಗೋದು ಹನ್ನೊಂದೂವರೆಗೆ, ಮುಖ್ಯ ಅತಿಥಿ ಬಂದ ಮೇಲೆ. ಅಲ್ಲಿವರೆಗೆ ಆ ಬಿಗಿತ ತಡೆದುಕೊಂಡು ಕೂತ ಮಗು, ಹೆಸರು ಕರೆಯುವ ಹೊತ್ತಿಗೆ ಅಳುತ್ತೆ. ಆಗ ಎಲ್ಲರೂ ಹೇಳೋದು, "ಸ್ಟೇಜ್ ಭಯ." ಎಲ್ಲ ಮಕ್ಕಳಿಗೂ ಹೀಗೇ ಅಂತ ನಾನು ಹೇಳಲ್ಲ, ನಿಜವಾಗಲೂ ಭಯ ಪಡುವ ಮಕ್ಕಳು ಇದ್ದಾರೆ. ಆದರೆ ನಾನು ಬಣ್ಣ ಹಚ್ಚಲು ಹೋದ ಕಡೆ ಅಳುವ ಮಗುವಿನ ಲಾಡಿಯನ್ನೇ ಮೊದಲು ಸಡಿಲ ಮಾಡುತ್ತೇನೆ. ಬಹಳ ಸಲ ಅಷ್ಟಕ್ಕೇ ಅಳು ನಿಂತುಬಿಡುತ್ತೆ.

ವಯಸ್ಸು ಹೇಳಿದರೆ ನನಗೆ ಅಂದಾಜಿಗೆ ಎತ್ತರ ಗೊತ್ತಾಗುತ್ತೆ. ತಲೆ ಗೊತ್ತಾಗಲ್ಲ. ಮಕ್ಕಳ ತಲೆ ಬೆಳೆಯೋದೆಲ್ಲ ಹೆಚ್ಚುಕಡಿಮೆ ಮೊದಲ ಐದು ವರ್ಷದಲ್ಲೇ. ಐದು ವರ್ಷದ ಮಗುವಿಗೆ ಸಾಮಾನ್ಯವಾಗಿ 50 ಸೆಂಟಿಮೀಟರ್ ಆಸುಪಾಸು ಇರುತ್ತೆ, ಅಂದರೆ ಇಪ್ಪತ್ತು ಇಂಚಿನ ಹತ್ತಿರ. ದೊಡ್ಡವರದು ನೋಡಿದರೆ 55, 57 ಅಷ್ಟೇ. ಹಾಗಾಗಿ ಯುಕೆಜಿಯಿಂದ ನಾಲ್ಕನೇ ಕ್ಲಾಸಿಗೆ ಹೋಗುವಷ್ಟರಲ್ಲಿ ತಲೆ ಹಿಗ್ಗೋದು ಅತ್ಯಲ್ಪ. ಆದರೆ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರ ನಡುವೆ ಮೂರು ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಇರಬಹುದು. ಈಗ ಹೇಳಿ, "ಐದು ವರ್ಷ" ಅಂದರೆ ನಾನು ಯಾವ ಕಿರೀಟ ತೆಗೆದಿಡಲಿ?

ಅಳೆಯೋದು ಕಷ್ಟವೇನಲ್ಲ. ಟೇಪ್ ಇಲ್ಲದಿದ್ದರೆ ಹೂ ಕಟ್ಟುವ ದಾರ ತಗೊಳ್ಳಿ. ಹುಬ್ಬಿನಿಂದ ಒಂದು ಬೆರಳು ಮೇಲೆ ಇಟ್ಟು, ಕಿವಿಯ ಮೇಲಿಂದ ಹಾಯಿಸಿ, ಹಿಂದೆ ತಲೆ ಉಬ್ಬಿರುವ ಜಾಗದ ಸುತ್ತ ತಂದು ಗಂಟು ಹಾಕಿ. ಎಳೆಯಬೇಡಿ, ಸುಮ್ನೆ ತಾಗಿದ್ದರೆ ಸಾಕು. ಆ ದಾರವನ್ನೇ ಕವರಿಗೆ ಹಾಕಿ ತನ್ನಿ, ಮಗುವನ್ನು ಕರೆತರುವುದೂ ಬೇಡ. ಹೆಣ್ಣುಮಕ್ಕಳಾದರೆ ಆ ದಿನ ಹೇಗೆ ತಲೆ ಬಾಚುತ್ತೀರೋ ಹಾಗೇ ಬಾಚಿ ಅಳತೆ ತಗೊಳ್ಳಿ. ರಾಧೆಗೆ ತುರುಬು ಕಟ್ಟಿ, ಮಲ್ಲಿಗೆ ಸುತ್ತಿ, ಆಮೇಲೆ ಕಿರೀಟ ಕೂರುತ್ತಿಲ್ಲ ಅಂತ ಬೆಳಗ್ಗೆ ಏಳೂವರೆಗೆ ಫೋನ್ ಮಾಡಿದರೆ ನಾನೇನು ಮಾಡಲಿ.

ಅಂಗಡಿಗೇ ಮಗುವನ್ನು ಕರೆತಂದರೆ ಇನ್ನೂ ಒಳ್ಳೆಯದು. ಆದರೆ ನೆಟ್ಟಗೆ ನಿಲ್ಲಿಸಿ, ಫೋಟೊ ತೆಗೆದು, "ಸೂಪರ್" ಅಂತ ಹೊರಟುಬಿಡಬೇಡಿ. ನಿಂತ ಮಗುವಿನ ತಲೆ ಮೇಲೆ ಪಾತ್ರೆ ಇಟ್ಟರೂ ನಿಲ್ಲುತ್ತೆ. ನಾನು ಮಗುವಿಗೆ ನೆಲಕ್ಕೆ ಬಿದ್ದ ಮಣಿ ಎತ್ತಿಕೊಡು ಅನ್ನುತ್ತೇನೆ. ಬಗ್ಗಿದಾಗ ಕಿರೀಟ ಜಾರಲಿಲ್ಲ, ಎದ್ದಾಗ ಪಂಚೆ ಕಾಲಿಗೆ ಸಿಕ್ಕಲಿಲ್ಲ ಅಂದರೆ ಸರಿ. ಸ್ಟೇಜಿಗೆ ಮೆಟ್ಟಿಲು ಇರುತ್ತೆ ಅನ್ನೋದು ಅಪ್ಪಂದಿರಿಗೆ ನೆನಪೇ ಇರಲ್ಲ.

ಪೇಟಕ್ಕೂ ಇದೇ ಮಾತು. ಸೆಪ್ಟೆಂಬರ್ 15 ಇಂಜಿನಿಯರ್ಸ್ ಡೇ, ಅಂದರೆ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ಮುದ್ದೇನಹಳ್ಳಿ ಇರೋದು ಚಿಕ್ಕಬಳ್ಳಾಪುರದಲ್ಲೇ ಆದ್ದರಿಂದ ಆ ಕಡೆಯವರಿಗೆ ಅಭಿಮಾನ ಇನ್ನೂ ಜಾಸ್ತಿ. ನಮಗಿರುವ ನೆಂಟರ ಮೂಲಕ ಅಲ್ಲಿಂದಲೂ ಮೈಸೂರು ಪೇಟ ಕೇಳಿ ಕಳಿಸುತ್ತಾರೆ. ರೆಡಿಮೇಡ್ ಪೇಟ ದೊಡ್ಡದಾದರೆ ಕಿವಿ ಮುಚ್ಚುತ್ತೆ. ಅಮ್ಮ ಎದುರು ನಿಂತು "ನಾನು ಕನ್ನಂಬಾಡಿ ಕಟ್ಟಿಸಿದೆ" ಅಂತ ಹೇಳಿಕೊಡ್ತಿದ್ದರೆ ಸರ್ ಎಂವಿಗೆ ಅದು ಕೇಳಿಸಲ್ಲ.

ಮಕ್ಕಳಿಗೆ ವೇಷ ಹೊಸದೇನಲ್ಲ. ಇಲ್ಲೇ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಗೆ ವೀರಣ್ಣನವರು ಸೇರಿದ್ದು ಚಿಕ್ಕ ಹುಡುಗನಾಗಿದ್ದಾಗ. ಕಂಪನಿ ಮಕ್ಕಳು ವೇಷ ಹಾಕಿ ಹಾಕಿ ಪಳಗುತ್ತಿದ್ದರು. ನಿಮ್ಮ ಮಗು ವರ್ಷಕ್ಕೆ ಒಂದು ಸಲ ಹಾಕೋದು. ಅದಕ್ಕೇ ಹಿಂದಿನ ಸಂಜೆ ಪೂರ್ತಿ ಡ್ರೆಸ್ ಹಾಕಿಸಿ ಅರ್ಧ ಗಂಟೆ ಮನೆಯೊಳಗೆ ಓಡಾಡಲು ಬಿಡಿ. ಟಿವಿ ನೋಡಲಿ. ಒಂದಕ್ಕೆ ಹೋಗಿ ಬರಲಿ, ಅದು ಮುಖ್ಯ. ಮಕ್ಕಳ ಕಚ್ಚೆಗೆ ನಾನು ಎಲಾಸ್ಟಿಕ್ ಹಾಕಿಸಿದ್ದೇನೆ, ಮೇಲೆ ಮತ್ತೆ ದಾರ ಬಿಗಿಯಬೇಡಿ.

ಬಣ್ಣದ ಬಗ್ಗೆ ಒಂದೆರಡು ಮಾತು. ಚರ್ಮದ ವಿಷಯ ಡಾಕ್ಟರೇ ಹೇಳಬೇಕು, ನಾನಲ್ಲ. ಅಲರ್ಜಿ, ಉಬ್ಬಸ ಇರುವ ಮಗು ಆದರೆ ಅವರನ್ನು ಕೇಳದೆ ಏನೂ ಹಚ್ಚಬೇಡಿ. ಉಳಿದವರಿಗೂ ಹಿಂದಿನ ದಿನ ಮುಂಗೈಯ ಒಳಗಡೆ ಚೂರು ಹಚ್ಚಿ ನೋಡಿ. ಕೃಷ್ಣ ಅಂತ ಮೈಯೆಲ್ಲ ನೀಲಿ ಮಾಡೋದು ಬೇಡವೇ ಬೇಡ. ಗಾಂಧಿ ಪ್ರತಿಮೆ ಮಾಡ್ತೀನಿ ಅಂತ ಗೇಟಿಗೆ ಹೊಡೆಯುವ ಸಿಲ್ವರ್ ಪೇಂಟ್ ತಂದವರಿದ್ದಾರೆ. ಅವರಿಗೆ ನಾನು ಡ್ರೆಸ್ಸೇ ಕೊಡಲಿಲ್ಲ.

ಯಾವ ವೇಷ ಅನ್ನೋದು ಇನ್ನೊಂದು ರಾಮಾಯಣ. ಅಮ್ಮನಿಗೆ ರಾಧೆ ಬೇಕು, ಮಗಳಿಗೆ ಪೊಲೀಸ್ ಬೇಕು. ಅಪ್ಪ ಹೊರಗೆ ಬೈಕ್ ಮೇಲೆ ಕೂತು "ಬೇಗ ಆಗ್ಲಿ" ಅಂತ ಹಾರ್ನ್ ಹೊಡೀತಾ ಇರ್ತಾನೆ. ತಿಪಟೂರಿನ ಒಬ್ಬ ಹುಡುಗ ತೆಂಗಿನಮರ ಆಗ್ತೀನಿ ಅಂತ ಹಟ ಹಿಡಿದಿದ್ದ. ಅವರ ತಾತನಿಗೆ ತೋಟ ಇತ್ತು. ನಿಜವಾದ ಗರಿಯನ್ನೇ ಸೊಂಟದಿಂದ ತಲೆ ಮೇಲಿನವರೆಗೆ ಕಟ್ಟಿಬಿಟ್ಟರಂತೆ. ಮರ ಚೆನ್ನಾಗೇ ಬಂತು, ಆದರೆ ಆಟೊ ಒಳಗೆ ಹಿಡಿಸಲಿಲ್ಲ. ತಾತ ಮೊಮ್ಮಗನ ಕೈ ಹಿಡಿದು ಸ್ಕೂಲಿನವರೆಗೂ ನಡೆಸಿಕೊಂಡು ಹೋದರಂತೆ, ದಾರಿಯಲ್ಲೆಲ್ಲ ಜನ ನಿಂತು ನೋಡಿದರಂತೆ. ಬಹುಮಾನ ಬಂತೋ ಇಲ್ಲವೋ ಕೇಳಲಿಲ್ಲ.

ನನ್ನ ಅಂಗಡಿಗೆ ಒಂದು ರೂಪಾಯಿ ಬಾರದಿದ್ದರೂ ನನಗೆ ಇಷ್ಟವಾಗುವ ವೇಷ ಸಾಲುಮರದ ತಿಮ್ಮಕ್ಕ. ಅವರು ಹುಟ್ಟಿದ್ದು ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ. 2019ರಲ್ಲಿ ಪದ್ಮಶ್ರೀ ಬಂತಲ್ಲ, ಆಮೇಲೆ ಈ ವೇಷ ಕೇಳುವವರೂ ಜಾಸ್ತಿ ಆದರು. ಕ್ಯಾತ್ಸಂದ್ರದ ಒಬ್ಬರು ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು, ಬಿಳಿ ಕೂದಲಿನ ವಿಗ್ ಕೇಳಿಕೊಂಡು ಬಂದಿದ್ದರು. ವಿಗ್ ಬೇಡ, ಸೆಕೆ ಆಗುತ್ತೆ ಅಂದೆ. ಅಜ್ಜಿ ತಮ್ಮದೇ ಹಳೇ ನೂಲಿನ ಸೀರೆಯನ್ನು ನಡುವಿಗೆ ಮಡಿಸಿ, ಅರ್ಧ ಮಾಡಿ, ನನ್ನ ಕಣ್ಣೆದುರೇ ಉಡಿಸಿದರು. ನೆರಿಗೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಒಂದು ಪಿನ್ ಇಲ್ಲ. ಮಗು ಬಗ್ಗಿತು, ಎದ್ದಿತು, ಓಡಿತು, ಏನೂ ಜಾರಲಿಲ್ಲ. ಅಂಗಡಿಯಲ್ಲಿದ್ದ ಇಬ್ಬರು ಅಮ್ಮಂದಿರು "ನಮಗೂ ಹೇಳಿಕೊಡಿ ಅಜ್ಜಿ" ಅಂತ ಹಿಂದೆ ಬಿದ್ದರು. ನನ್ನ ವ್ಯಾಪಾರ ಹೋಯ್ತು.

ಇನ್ನು ವಾಪಸ್ ತರುವ ವಿಷಯ. ದಯವಿಟ್ಟು ಒಗೆದು ತರಬೇಡಿ. ಎಷ್ಟೋ ತಾಯಂದಿರು ಮರ್ಯಾದೆಗೆ ಅಂತ ಸರ್ಫ್‌ನಲ್ಲಿ ನೆನೆಸಿ, ಜರಿಯ ಬಣ್ಣ ಎಲ್ಲ ಬಿಟ್ಟ ಮೇಲೆ ಇಸ್ತ್ರಿ ಮಾಡಿ ತರುತ್ತಾರೆ. ನೆರಳಲ್ಲಿ ಹರವಿ ಬೆವರು ಆರಿಸಿ ತಂದರೆ ಸಾಕು, ಉಳಿದದ್ದು ನನ್ನ ಕೆಲಸ. ಭುಜಕೀರ್ತಿ ಎರಡೂ ಇದೆಯಾ ನೋಡಿಕೊಳ್ಳಿ. ಭೀಮ, ಹನುಮಂತನ ಗದೆಗೆ ಈ ವರ್ಷದಿಂದ ಬೇರೆ ಅಡ್ವಾನ್ಸ್ ತಗೊಳ್ತಿದ್ದೇನೆ. ಡ್ರೆಸ್ ಎಲ್ಲ ವಾಪಸ್ ಬರುತ್ತೆ, ಗದೆ ಮಾತ್ರ ಬರಲ್ಲ.