ಹೊಂಡಕ್ಕೆ ಎಷ್ಟು ಮರಿ ಬಿಡಬೇಕು?

ಪ್ರಶ್ನೆ: ನಮ್ಮ ಹೊಂಡ 25 ಮೀಟರ್ ಉದ್ದ, 20 ಮೀಟರ್ ಅಗಲ ಇದೆ. ಆರಡಿ ನೀರು ನಿಲ್ಲುತ್ತದೆ. ಯಾವ ಮೀನು ಬಿಡಬೇಕು? 2000 ಮರಿ ಸಾಕಾಗುತ್ತಾ?

ಉತ್ತರ: ನಿಮ್ಮ ಹೊಂಡಕ್ಕೆ 250 ಮರಿ ಸಾಕು. ದಿನಾ ಮೇವು ಹಾಕುತ್ತೀರಿ, ಬೇಕೆಂದಾಗ ಹೊಸ ನೀರು ಬಿಡುವ ಅನುಕೂಲವೂ ಇದೆ ಅಂದರೆ 500. ಅದಕ್ಕಿಂತ ಮೇಲೆ ಹೋಗಬೇಡಿ. ಎರಡು ಚದರ ಮೀಟರಿಗೆ ಒಂದು ಮರಿ, ತುಂಬಾ ಚೆನ್ನಾಗಿ ನೋಡಿಕೊಂಡರೆ ಒಂದು ಚದರ ಮೀಟರಿಗೆ ಒಂದು. ಇದನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕ ಇಲ್ಲ. ಆದರೂ ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ ಬರುತ್ತದೆ, ಅದರಲ್ಲಿ ಮರಿಗಳ ಸಂಖ್ಯೆ ಸಾವಿರಗಳಲ್ಲೇ ಇರುತ್ತದೆ.

ಯಾವ ಮೀನು ಅನ್ನುವುದು ಸುಲಭದ ವಿಷಯ, ಮೊದಲು ಅದನ್ನು ಮುಗಿಸೋಣ. ಮೇಲಿನ ನೀರಲ್ಲಿ ಮೇಯುವುದಕ್ಕೆ ಕಾಟ್ಲಾ, ನಡುವಿಗೆ ರೋಹು, ತಳಕ್ಕೆ ಮೃಗಾಲ್. ಮೂರೂ ಬೇರೆ ಬೇರೆ ಕಡೆ ಮೇಯುವುದರಿಂದ ಒಂದರ ಬಾಯಿಗೆ ಇನ್ನೊಂದು ಅಡ್ಡ ಬರುವುದಿಲ್ಲ. 250ರಲ್ಲಿ 80 ಕಾಟ್ಲಾ, 80 ರೋಹು, 75 ಮೃಗಾಲ್ ಇರಲಿ. ನೀರಲ್ಲಿ ಕಳೆ ಇದ್ದರೆ ಉಳಿದ 15 ಹುಲ್ಲುಗೆಂಡೆ. ಕಳೆ ಇಲ್ಲದಿದ್ದರೆ ಅದರ ಬದಲು ರೋಹುವನ್ನೇ ಹಾಕಿ. ಬೆಳ್ಳಿಗೆಂಡೆಯೂ ಮೇಲಿನ ನೀರಲ್ಲೇ ಮೇಯುತ್ತದೆ, ಸಣ್ಣ ಹೊಂಡದಲ್ಲಿ ಕಾಟ್ಲಾದ ಜೊತೆ ಅದು ಬೇಡ. ಸಾಮಾನ್ಯ ಗೆಂಡೆ ಗಟ್ಟಿ ಮೀನು, ಬೇಗ ಬೆಳೆಯುತ್ತದೆ. ಆದರೆ ಅದು ಕೆಸರು ಕೆದಕಿ ಬದುವನ್ನೂ ಕೊರೆಯುತ್ತದೆ, ಮಣ್ಣಿನ ಬದು ಇದ್ದವರು ಯೋಚನೆ ಮಾಡಿ. ತಳಕ್ಕೆ ಪ್ಲಾಸ್ಟಿಕ್ ಹಾಸಿದ್ದರೆ ಅಲ್ಲಿ ಕೆಸರೂ ಕಡಿಮೆ, ಮೇವೂ ಕಡಿಮೆ. ಆಗ ಮೃಗಾಲ್ ಇಳಿಸಿ, ರೋಹು ಏರಿಸಿ.

ಈಗ ಆ 2000ದ ವಿಷಯಕ್ಕೆ ಬರೋಣ. ಜಾಸ್ತಿ ಮರಿ ಬಿಟ್ಟರೆ ಜಾಸ್ತಿ ಮೀನು ಸಿಗುತ್ತದೆ ಅನ್ನುವ ನಂಬಿಕೆ ಜನರ ತಲೆಯಿಂದ ಹೋಗುವುದೇ ಇಲ್ಲ. ಹೊಂಡದಲ್ಲಿ ಹುಟ್ಟುವ ಮೇವಿಗೆ ಒಂದು ಮಿತಿ ಇದೆ. ಅದರ ನೀರು ಹಿಡಿಯುವ ಗಾಳಿಗೂ ಮಿತಿ ಇದೆ. ಹಾಗಾಗಿ ಹೊಂಡ ಇಷ್ಟು ಕೆಜಿ ಮೀನು ಬೆಳೆಸಬಲ್ಲದೇ ಹೊರತು ಇಷ್ಟು ಸಂಖ್ಯೆಯ ಮೀನನ್ನಲ್ಲ. ಲೆಕ್ಕಕ್ಕೆ ನಿಮ್ಮ ಹೊಂಡ ವರ್ಷಕ್ಕೆ 200 ಕೆಜಿ ಬೆಳೆಸುತ್ತದೆ ಅಂತ ಇಟ್ಟುಕೊಳ್ಳಿ. ಒಳಗೆ 200 ಮೀನು ಇದ್ದರೆ ಒಂದೊಂದೂ ಒಂದು ಕೆಜಿ. 2000 ಇದ್ದರೆ ಒಂದೊಂದೂ 100 ಗ್ರಾಂ. ಬಲೆ ಎಳೆದಾಗ ತೂಕ ಅಷ್ಟೇ, ಆದರೆ ಕೈಗೆ ಬರುವುದು ಬರೀ ಮುಳ್ಳಿನ ಮೀನು. ಒತ್ತೊತ್ತಾಗಿ ಹುಟ್ಟಿದ ಪೈರನ್ನು ನೀವೇ ಕಿತ್ತು ತೆಳು ಮಾಡುತ್ತೀರಿ, ಅಲ್ವಾ? ಇಲ್ಲೂ ಅದೇ ಲೆಕ್ಕ.

ಒಮ್ಮೆ ಒಬ್ಬರ ಹೊಂಡದಲ್ಲಿ ಬಲೆ ಎಳೆಯುವಾಗ ನಾನೂ ಇದ್ದೆ. ಮರಿ ಬಿಟ್ಟು ವರ್ಷ ದಾಟಿತ್ತು. ಬಲೆಯಲ್ಲಿ ಬಂದ ಕಾಟ್ಲಾಗಳಿಗೆ ತಲೆ ಮಾತ್ರ ದೊಡ್ಡದು. ತಲೆಯ ಹಿಂದೆ ಮೈ ಸೊರಗಿ, ಬೆನ್ನು ಚೂರಿಯ ಅಂಚಿನ ಹಾಗೆ ಕೈಗೆ ತಾಗುತ್ತಿತ್ತು. ಮರಿ ಸರಿ ಇರಲಿಲ್ಲ ಅಂತ ಅವರು ಬೈದುಕೊಂಡರು. ಅದೇ ಮೀನಲ್ಲಿ ಐವತ್ತನ್ನು ಹತ್ತಿರದ ಇನ್ನೊಂದು ಖಾಲಿ ಹೊಂಡಕ್ಕೆ ಬಿಡಿಸಿದೆ. ನಾಲ್ಕು ತಿಂಗಳಲ್ಲಿ ಅವು ಗುರುತು ಸಿಗದಷ್ಟು ದಪ್ಪ ಆದವು. ಮರಿಯಲ್ಲಿ ಏನೂ ತಪ್ಪಿರಲಿಲ್ಲ. ಜಾಗ ಇಲ್ಲದೆ ಬೆಳವಣಿಗೆ ನಿಂತಿತ್ತು, ಜಾಗ ಸಿಕ್ಕ ಕೂಡಲೇ ಮತ್ತೆ ಶುರುವಾಯಿತು.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: “ಹೇಗೂ ಅರ್ಧ ಸಾಯುತ್ತವೆ, ಅದಕ್ಕೇ ಜಾಸ್ತಿ ಬಿಡೋದು.” ಅರ್ಧ ಯಾಕೆ ಸಾಯುತ್ತವೆ ಅಂತ ಕೇಳಿಕೊಂಡಿದ್ದೀರಾ? ಒಂದಂಗುಲದ ಮರಿ ಬಿಟ್ಟರೆ ಕಪ್ಪೆ, ನೀರುಹಾವು, ಮಿಂಚುಳ್ಳಿ, ನೀರಿನ ಹುಳು ಎಲ್ಲಕ್ಕೂ ಅದು ತುತ್ತು. ಒಳಗೆ ಮೊದಲೇ ಕೊರವ ಮೀನು ಇದ್ದರಂತೂ ಕೇಳಲೇಬೇಡಿ. ಇದಕ್ಕೆ ಮದ್ದು ದೊಡ್ಡ ಮರಿ. ಮೂರು ನಾಲ್ಕು ಅಂಗುಲದ ಬಲಿತ ಮರಿ ತನ್ನಿ. ಬಿಡುವ ಮೊದಲು ಹೊಂಡ ಒಣಗಿಸಿ, ಇಲ್ಲವೇ ಬಲೆ ಎಳೆದು ಹಳೆಯ ಮೀನನ್ನೆಲ್ಲಾ ತೆಗೆಯಿರಿ. ಆಗ ಸಾಯುವುದೇ ಕಡಿಮೆ, ಎಷ್ಟು ಉಳಿದಿವೆ ಅಂತ ನಿಮಗೂ ಅಂದಾಜು ಇರುತ್ತದೆ. ಈ ಅಂದಾಜು ಬೇಕೇ ಬೇಕು, ಎಷ್ಟು ಮೇವು ಹಾಕಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಮೇವು ಜಾಸ್ತಿ ಹಾಕಿ ಸರಿ ಮಾಡುತ್ತೇವೆ ಅನ್ನುವವರೂ ಇದ್ದಾರೆ. ತೌಡು, ಹಿಂಡಿ ಸುರಿದರೆ ಮೀನು ತಿಂದಷ್ಟು ತಿನ್ನುತ್ತದೆ, ಮಿಕ್ಕಿದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಯುವುದಕ್ಕೂ ಆಮ್ಲಜನಕ ಬೇಕು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಗೆ ಬಂದರೆ ಸುಮಾರು 7.5 ಅಷ್ಟೇ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನ ಹಾಗೆ ಉಸಿರಾಡುತ್ತದೆ. ಬೆಳಗಿನ ಜಾವದ ಹೊತ್ತಿಗೆ ನೀರಲ್ಲಿ ಏನೂ ಉಳಿದಿರುವುದಿಲ್ಲ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಆಗಲೇ. ಅದನ್ನು ನೋಡಿ ಹಸಿವಾಗಿದೆ ಅಂತ ಇನ್ನೊಂದು ಬುಟ್ಟಿ ಮೇವು ಹಾಕಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊತ್ತಲ್ಲಿ ಪಂಪ್ ಹಾಕಿ ನೀರನ್ನು ಎತ್ತರದಿಂದ ಬೀಳಿಸಿ, ಅವತ್ತು ಮೇವು ನಿಲ್ಲಿಸಿ. ಎರಡು ಮೂರು ದಿನ ಮೋಡ ಕವಿದಿದ್ದರೂ ಮೇವು ಕಡಿಮೆ ಮಾಡಿ.

ನೀರು ಹದವಾಗಿದೆಯಾ ಅಂತ ನೋಡಲು ಯಂತ್ರ ಬೇಡ. ಬಿಸಿಲು ಇರುವಾಗ ಮೊಣಕೈವರೆಗೆ ಕೈ ಇಳಿಸಿ. ಅಂಗೈ ಮಸುಕಾಗಿ ಕಂಡರೆ ಸರಿ ಇದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮಾಯವಾದರೆ ಪಾಚಿ ಅತಿಯಾಗಿದೆ, ಗೊಬ್ಬರ ನಿಲ್ಲಿಸಿ. ಬೆರಳಿನ ಗೆರೆಯೂ ಕಾಣುತ್ತಿದ್ದರೆ ನೀರಲ್ಲಿ ಮೇವಿಲ್ಲ, ಸ್ವಲ್ಪ ಸಗಣಿ ಗೊಬ್ಬರ ಬೇಕು. ಕೆಸರಿನ ಬಗ್ಗಡಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಹಸಿರು ನೀರಿಗೆ ಮಾತ್ರ.

ಮರಿ ಬಿಡುವ ದಿನ ಅವಸರ ಬೇಡ. ಬೆಳಗ್ಗೆ ಅಥವಾ ಸಂಜೆ ತಂಪು ಹೊತ್ತಲ್ಲಿ ಕಟ್ಟಿದ ಚೀಲವನ್ನು ಹಾಗೇ ನೀರ ಮೇಲೆ 20 ನಿಮಿಷ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಚೂರು ಚೂರೇ ಒಳಗೆ ಸೇರಿಸಿ. ಕೊನೆಗೆ ಚೀಲ ಓರೆ ಮಾಡಿ ಹಿಡಿಯಿರಿ, ಮರಿಗಳು ತಾವಾಗಿ ಈಜಿ ಹೋಗಲಿ. ಸುಮ್ನೆ ಮೇಲಿಂದ ಸುರಿದುಬಿಟ್ಟರೆ ಬಿಸಿ ತಂಪಿನ ಪೆಟ್ಟಿಗೇ ಎಷ್ಟೋ ಸಾಯುತ್ತವೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಸಲ ಬಿಟ್ಟರೆ ಮುಂದಿನ ವರ್ಷಕ್ಕೆ ಮರಿ ತಾನೇ ಆಗುತ್ತದೆ ಅಂತ ತುಂಬಾ ಜನ ಕಾಯುತ್ತಾರೆ. ಕಾಟ್ಲಾ, ರೋಹು, ಮೃಗಾಲ್ ಹೊಂಡದ ನಿಂತ ನೀರಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಳೆಯ ಹರಿಯುವ ನೀರು ಬೇಕು. ಒಂದು ಕಾಲದಲ್ಲಿ ಮರಿ ಬೇಕಾದವರು ನದಿಗೇ ಬಲೆ ಹಾಕಿ ಹಿಡಿಯುತ್ತಿದ್ದರು, ಅದರಲ್ಲಿ ಬೇಡದ ಮೀನುಗಳೂ ಬೆರೆತು ಬರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಞಿ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಮೀನುಗಳು ಮೊಟ್ಟೆ ಇಡುವಂತೆ ಮಾಡಿದರು. ಆ ದಿನವನ್ನೇ ಭಾರತದಲ್ಲಿ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಇವತ್ತು ಒಂದೇ ಜಾತಿಯ ಮರಿಯನ್ನು ಎಣಿಸಿ ಕೊಂಡುಕೊಳ್ಳಲು ಸಾಧ್ಯವಾಗಿರುವುದು ಆ ಕೆಲಸದಿಂದ. ಪ್ರತಿ ಸಲ ಬಲೆ ಎಳೆದು ಮುಗಿಸಿದ ಮೇಲೆ ನೀವು ಹೊಸ ಮರಿ ತರಲೇಬೇಕು.

ಹೊಂಡದಲ್ಲಿ ತಾನಾಗಿ ಮರಿ ಮಾಡುವ ಮೀನೂ ಇದೆ, ಜಿಲೇಬಿ, ಅಂದರೆ ತಿಲಾಪಿಯಾ. ಒಂದು ಜೋಡಿ ಒಳಗೆ ಸೇರಿದರೂ ಸಾಕು, ನೀವು ಎಣಿಸಿ ಬಿಟ್ಟ 250ರ ಲೆಕ್ಕವೇ ತಪ್ಪಿಹೋಗುತ್ತದೆ. ಸಣ್ಣದಿರುವಾಗಲೇ ಮರಿ ಹಾಕಲು ಶುರು ಮಾಡಿ ಹೊಂಡದ ತುಂಬ ಬೆರಳುದ್ದದ ಮೀನು ತುಂಬಿಸುತ್ತದೆ. ಅದಕ್ಕೇ ಚೀಲ ಬಿಚ್ಚುವ ಮೊದಲು ಒಂದು ಬೋಗುಣಿಗೆ ಸ್ವಲ್ಪ ಮರಿ ತೆಗೆದು ನೋಡಿ. ಮೈಗೆ ಅಡ್ಡಪಟ್ಟೆ ಇದ್ದು, ಬೆನ್ನುದ್ದಕ್ಕೂ ಇರುವ ರೆಕ್ಕೆ ಬೆರಳಿಗೆ ಮುಳ್ಳಾಗಿ ಚುಚ್ಚಿದರೆ ಅದು ಜಿಲೇಬಿ, ಅಲ್ಲೇ ಆರಿಸಿ ತೆಗೆಯಿರಿ. ರೋಹು ಮರಿಯ ಬೆನ್ನಿನ ರೆಕ್ಕೆ ಗಿಡ್ಡ, ಮುಟ್ಟಿದರೆ ಮೆತ್ತಗಿರುತ್ತದೆ.